ನಾಲ್ಕನೇ ಬ್ಲಾಕಿನ ಬಾಬೆಲ್

೧೨ ಜನವರಿ ೨೦೨೫, ಭಾನುವಾರ

ಸ್ವಸ್ತಿ ಶ್ರೀ! ಸಿದ್ದಾಪುರ ಸೀಮೆಯ ಏಕಮೇವ ಸಾಹಿತ್ಯ ಸಾರ್ವಭೌಮೆ, ಎಸ್ಟೇಟ್ ಕ್ವಾರ್ಟರ್ಸಿನ ಎರಡನೇ ಮನೆಯ ಸಿಂಹಾಸನಾಧೀಶ್ವರಿ, ಪ್ರಾಂಶುಪಾಲರ ಕೊಠಡಿಯ ದರ್ಶನಭಾಗ್ಯವನ್ನು ಒಂದೇ ವರ್ಷದಲ್ಲಿ ಹಲವು ಬಾರಿ ಪಡೆದ ಪುಣ್ಯವಂತೆ, ಎಸ್ಟೇಟಿನ ಹಾಜರಿ, ಲೆಕ್ಕ ಬರೆಯುವ ರೈಟರ್ ಸಣ್ಣಸ್ವಾಮಿಯವರ ಏಕೈಕ ಪುತ್ರಿ ಸೌಮ್ಯ ಎಂಬ ನಾನು, ಘನತೆವೆತ್ತ ನನ್ನ ದಿನಚರಿಯ ಪಾದಾರವಿಂದಗಳಿಗೆ ನಮಸ್ಕರಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ಇಂದಿನಿಂದ ನಾನು ಕಾದಂಬರಿಕಾರ್ತಿ.

ಕಾರಣ ಹೀಗಿದೆ. ಮೈಸೂರಿನ ಒಂದು ಪ್ರಕಾಶನದವರು ಕಾಲೇಜು ಹುಡುಗ ಹುಡುಗಿಯರಿಂದ ವಿಜ್ಞಾನ ಕಥೆ ಕೇಳಿದ್ದಾರೆ. ಜಿಲ್ಲೆಗೆ ಮೂವರನ್ನು ಆರಿಸುತ್ತಾರೆ. ಆ ಮೂವರು ವಿರಾಜಪೇಟೆಯಲ್ಲಿ ತೀರ್ಪುಗಾರರ ಮುಂದೆ ತಮ್ಮ ಕಥೆ ಓದಬೇಕು. ಗೆದ್ದ ಒಬ್ಬರಿಗೆ ಮೈಸೂರಿನಲ್ಲಿ ದೊಡ್ಡ ದೊಡ್ಡ ಲೇಖಕರ ಜೊತೆ ಶಿಬಿರ, ಮತ್ತು ಕಥೆ ಪುಸ್ತಕದಲ್ಲಿ ಅಚ್ಚು. ನಮ್ಮ ಕನ್ನಡ ಮೇಷ್ಟ್ರು ಪದ್ಮಯ್ಯ ಸರ್ ಶುಕ್ರವಾರ ತರಗತಿಯಲ್ಲಿ ಕಣ್ಣು ಮುಚ್ಚಿಕೊಂಡು ಉಪದೇಶ ಮಾಡಿದರು.

"ಹೊರದೇಶದಲ್ಲಿ ನಿಮ್ಮ ವಯಸ್ಸಿನವರಿಗೆ ಅಂತ ಬರೆಯೋ ವಿಜ್ಞಾನ ಕಥೆ ನೋಡ್ರಮ್ಮ. ಆಕಾಶ ಮುಟ್ಟೋ ಆಸೆ ತೋರಿಸ್ಬೇಕಾ, ಬಾಬೆಲ್ ಗೋಪುರ. ಮಾಡಿದವನಿಗೇ ತಿರುಗಿ ನಿಲ್ಲೋ ಯಂತ್ರಕ್ಕೆ ಲೂಸಿಫರ್. ಹೊಸ ಗ್ರಹ ಸಿಕ್ರೆ ಏದೆನ್ ತೋಟ. ಬೈಬಲ್ ಅಂದ್ರೆ ಮಹತ್ವಾಕಾಂಕ್ಷೆಯ ಗೋದಾಮು. ಒಂದು ಹೆಸರು ಇಟ್ರೆ ಸಾಕು, ಕಥೆಗೆ ತೂಕ ಬಂದ್ಬಿಡ್ತದೆ."

ನಮ್ಮ ಮನೆಯಲ್ಲಿ ಬೈಬಲ್ ಇಲ್ಲ. ಆದರೆ ನನ್ನ ಹತ್ತಿರ ಜಸಿಂತಾ ಇದ್ದಾಳೆ. ಕಾಫಿ ತೋಟದ ನಾಲ್ಕನೇ ಬ್ಲಾಕಿನ ಆಚೆ, ಕೂಲಿಯವರ ಲೈನ್ ಮನೆಯಲ್ಲಿರುವ ನನ್ನ ಗೆಳತಿ; ಒಂದೇ ಬಸ್ಸು, ಒಂದೇ ಬೆಂಚು, ಡಿಗ್ರಿ ಮೊದಲ ವರ್ಷ. ಭಾನುವಾರ ಚರ್ಚಿನಲ್ಲಿ ಚಿಕ್ಕ ಮಕ್ಕಳಿಗೆ ಬೈಬಲ್ ಕಥೆ ಹೇಳಿಕೊಡುತ್ತಾಳೆ. ಅವಳನ್ನು ಈ ಕ್ಷಣದಿಂದ ಆಸ್ಥಾನದ ಗ್ರಂಥಪಾಲಕಿಯಾಗಿ ನೇಮಿಸಲಾಗಿದೆ. ಸಂಬಳ ಇರುವುದಿಲ್ಲ.

೧೫ ಜನವರಿ, ಬುಧವಾರ

ಮೊದಲು ರಾಜಕಾರ್ಯ. ಇಂದು ಕಾಲೇಜು ಕ್ಯಾಂಟೀನಿನ ಗೋಡೆಗೆ ಒಂದು ಪ್ರಕಟಣೆ ಅಂಟಿಸಿದೆ: "ದಿವಂಗತ ಸಾಂಬಾರ್ ಅವರ ಆತ್ಮಕ್ಕೆ ಚಿರಶಾಂತಿ ಕೋರಲು ಮಧ್ಯಾಹ್ನ ಶ್ರದ್ಧಾಂಜಲಿ ಸಭೆ. ಬೇಳೆಯವರು ಬಹುಕಾಲದಿಂದ ನಾಪತ್ತೆ." ಅರ್ಧ ಕಾಲೇಜು ತಲೆ ತಗ್ಗಿಸಿ ಮೌನಾಚರಣೆ ಮಾಡಿತು. ಪ್ರಾಂಶುಪಾಲರು ಬರವಣಿಗೆ ನೋಡಿದ ಕೂಡಲೇ ನನ್ನನ್ನು ಕರೆಸಿದರು. ಪ್ರತಿಭೆ ಅಡಗಿಸಿದರೂ ಅಡಗುವುದಿಲ್ಲ.

ಬರುವಾಗ ಬಸ್ಸಿನಲ್ಲಿ ಜಸಿಂತಾ ಬಾಬೆಲ್ ಕಥೆ ಹೇಳಿದಳು. ಜನ ಸೇರಿ ಆಕಾಶ ಮುಟ್ಟುವ ಗೋಪುರ ಕಟ್ಟುತ್ತಾರೆ, ದೇವರು ಅವರ ಭಾಷೆ ಗಲಿಬಿಲಿ ಮಾಡಿಬಿಡುತ್ತಾನೆ.

"ಅಂದ್ರೆ ನಮ್ಮ ಎಸ್ಟೇಟ್ ಥರಾನೇ," ಅಂದೆ. "ಒಬ್ರು ತಮಿಳು, ಒಬ್ರು ಮಲಯಾಳ, ಒಬ್ರು ಕೊಡವ, ಮ್ಯಾನೇಜರ್ ಇಂಗ್ಲಿಷು. ಆದ್ರೂ ಕಾಫಿ ಕುಯ್ಯೋದು ನಿಂತಿದ್ಯಾ?"

"ನಿಂಗೆ ಎಲ್ಲಾ ತಮಾಷೆ ಕಣೇ."

"ಇನ್ನೊಂದು ಹೇಳು. ಎತ್ತರದ್ದು."

ಅವಳು ಯಾಕೋಬನ ಏಣಿಯ ಕಥೆ ಹೇಳಿದಳು. ಮನೆ ಬಿಟ್ಟು ಓಡಿಹೋಗುವವನು ಕಲ್ಲನ್ನೇ ತಲೆದಿಂಬು ಮಾಡಿಕೊಂಡು ಬಯಲಲ್ಲಿ ಮಲಗುತ್ತಾನೆ. ಕನಸಿನಲ್ಲಿ ಆಕಾಶದವರೆಗೆ ಏಣಿ. ದೇವದೂತರು ಹತ್ತುತ್ತಾರೆ, ಇಳಿಯುತ್ತಾರೆ.

"ಇವ್ನು ಹತ್ತಿ ಎಲ್ಲಿಗೆ ಹೋದ?"

"ಹತ್ತಲೇ ಇಲ್ಲ. ಕೆಳಗೆ ಮಲಗಿದ್ದ."

"ಥೂ! ಹೀರೋ ಮಲಗಿದ್ನಾ?"

"ಯಾರಾದ್ರೂ ಕೆಳಗೆ ಇರ್ಬೇಕಲ್ಲ," ಅಂದಳು. "ನಮ್ಮಪ್ಪ ಮೆಣಸು ಕುಯ್ಯೋಕೆ ಒಂಟಿ ಬಿದಿರಿನ ಏಣಿ ಹತ್ತಿದ್ರೆ ಅಮ್ಮ ಬುಡ ಹಿಡ್ಕೊಂಡು ನಿಂತಿರ್ತಾಳೆ. ದಾರೀಲಿ ಹೋಗೋರು ಎಲ್ರೂ ಮೇಲೇನೇ ನೋಡ್ತಾರೆ."

ಇದು ಕಾದಂಬರಿಗೆ ಉಪಯೋಗವಿಲ್ಲ. ಬಾಬೆಲ್ ಮಾತ್ರ ತೆಗೆದುಕೊಂಡೆ.

೨೮ ಜನವರಿ, ಮಂಗಳವಾರ

ಬೆಳಿಗ್ಗೆ ಆನೆ. ಅಪ್ಪನ ಮೊಬೈಲಿನಿಂದ ಎಸ್ಟೇಟ್ ಗುಂಪಿಗೆ ಎಂದಿನ ಮೆಸೇಜು: "ಆನೆ. ೪ನೇ ಬ್ಲಾಕ್. ಬರಬೇಡಿ." ನಮ್ಮ ತಂದೆಯವರ ಗದ್ಯಶೈಲಿ ಇದು. ಮಹಾಭಾರತವನ್ನು ಇವರ ಕೈಗೆ ಕೊಟ್ಟರೆ "ಜಗಳ. ಎಲ್ಲರೂ ಸತ್ತರು." ಎಂದು ಮುಗಿಸುತ್ತಾರೆ.

ನಮ್ಮ ಕ್ವಾರ್ಟರ್ಸ್ ಗೇಟಿನ ಪಕ್ಕ, ರಸ್ತೆಗೆ ಅಂಟಿಕೊಂಡಿದೆ. ನನಗೆ ಬಸ್ಸು ಸಿಕ್ಕಿತು. ಲೈನ್‌ನವರು ನಾಲ್ಕನೇ ಬ್ಲಾಕು ದಾಟಿಯೇ ಬರಬೇಕು, ಆದ್ದರಿಂದ ಜಸಿಂತಾ ಕಾಲೇಜಿಗೆ ಬರಲಿಲ್ಲ. ಆನೆ ಇದೆ ಎಂದು ಒಮ್ಮೆ ಮೆಸೇಜು ಬಂದರೆ ಅರಣ್ಯ ಇಲಾಖೆಯವರು ಬಂದು ಬ್ಲಾಕು ಪೂರ್ತಿ ನಡೆದು ನೋಡುವ ತನಕ ಲೈನ್‌ನಿಂದ ಒಂದು ನಾಯಿಯೂ ಹೊರಡುವುದಿಲ್ಲ. ಆನೆ ಇದೆ ಎನ್ನಲು ಇಲ್ಲಿ ಯಾರಿಗೆ ಬೇಕಾದರೂ ಅಧಿಕಾರವಿದೆ. ಇಲ್ಲ ಎನ್ನಲು ಅಪ್ಪನಿಗೂ ಇಲ್ಲ, ಮ್ಯಾನೇಜರಿಗೂ ಇಲ್ಲ. ಹೋದ ವರ್ಷ ಜಸಿಂತಾಳ ಅತ್ತೆ, ಆನೆ ಹೋಗಿರಬಹುದು ಎಂದುಕೊಂಡು ನೀರಿಗೆ ಹೊರಟವರು, ವಾಪಸು ಬರಲಿಲ್ಲ. ಅಂದಿನಿಂದ ಈ ನಿಯಮ.

ಇದರ ಬಗ್ಗೆ ನಾನು ತಮಾಷೆ ಮಾಡುವುದಿಲ್ಲ. ಸಾರ್ವಭೌಮರಿಗೂ ಮಿತಿಗಳಿವೆ.

೯ ಫೆಬ್ರವರಿ, ಭಾನುವಾರ

ಮುಗಿಯಿತು! "ಬಾಬೆಲ್ ಒಂಬತ್ತು." ಮಂಗಳ ಗ್ರಹದಲ್ಲಿ ಗೋಪುರ, ಅದನ್ನು ಆಳುವ ಲೂಸಿಫರ್ ಎಂಬ ಯಂತ್ರ, ನಿಮ್ರೋದ ಎಂಬ ಹದಿನೇಳರ ನಾಯಕ, ನೋಹ ಎಂಬ ಹಡಗು, ಹಡಗಿನ ಅಡುಗೆಯವನ ಹೆಸರೂ ಸೊಲೊಮೋನ. ಒಟ್ಟಿನಲ್ಲಿ ಯಾರೂ ನೆಲದ ಮೇಲೆ ನಿಲ್ಲುವುದಿಲ್ಲ. ಪದ್ಮಯ್ಯ ಸರ್ ಮೊನ್ನೆ ಓದಿ "ತೂಕ ಇದೆ ಕಣಮ್ಮ" ಎಂದರು.

ಇನ್ನೊಂದು ವಿಷಯ, ಮೊನ್ನೆ ಬಸ್ಸಿನಲ್ಲಿ ಗೊತ್ತಾಗಿದ್ದು. ನನ್ನ ಗ್ರಂಥಪಾಲಕಿಯೂ ಒಂದು ಕಥೆ ಬರೆದಿದ್ದಾಳಂತೆ.

"ನೀನೂನಾ?"

"ಸುಮ್ನೆ, ಆಸೆ ಆಯ್ತು."

"ಏನು ಹೆಸ್ರು?"

"ಏಣಿಯ ಬುಡ."

ಬಸ್ಸು ಪೂರ್ತಿ ತಿರುಗಿ ನೋಡುವಷ್ಟು ನಕ್ಕೆ. ಭೂಮಿಯಿಂದ ಬಾಹ್ಯಾಕಾಶ ನಿಲ್ದಾಣಕ್ಕೆ ಏಣಿಯಂತೆ. ಅದನ್ನು ಹತ್ತುವ ಹುಡುಗ ಕಥೆಯಲ್ಲಿ ಕಾಣುವುದೇ ಇಲ್ಲವಂತೆ. ಬುಡ ಹಿಡಿದುಕೊಂಡ ತಂಗಿಯ ಕಥೆ. ಅವಳು ಏಣಿಯ ನಡುಕದಿಂದಲೇ ಅಣ್ಣ ಎಲ್ಲಿದ್ದಾನೆಂದು ಲೆಕ್ಕ ಹಾಕುತ್ತಾಳೆ. ಒಂದು ದಿನ ನಡುಕ ನಿಲ್ಲುತ್ತದೆ.

"ಆಮೇಲೆ?"

"ಆಮೇಲೂ ಹಿಡ್ಕೊಂಡಿರ್ತಾಳೆ."

ಪಾಪ. ಕಳಿಸಲಿ ಬಿಡು. ಅಂಚೆಚೀಟಿ ನಾನೇ ಕೊಡಿಸಿದೆ. ರಾಜರು ಉದಾರಿಗಳು.

೨೪ ಫೆಬ್ರವರಿ, ಸೋಮವಾರ

ಮೂವರಲ್ಲಿ ನಾನಿದ್ದೇನೆ.

ಜಸಿಂತಾ ಕೂಡ ಇದ್ದಾಳೆ. ಮೂರನೆಯವನು ವಿರಾಜಪೇಟೆಯ ನಾಣಯ್ಯ ಎಂಬವನು, ರೋಬೋಟುಗಳನ್ನು ಕೋವಿ ಹಿಡಿದು ಬೇಟೆಯಾಡುವ ಕಥೆಯಂತೆ.

ತೀರ್ಪುಗಾರ್ತಿ ಉಷಾರಾಣಿ ಮೇಡಂ ಮೂವರಿಗೂ ಒಂದೊಂದು ಸಾಲು ಬರೆದು ಕಳಿಸಿದ್ದಾರೆ. ಪದ್ಮಯ್ಯ ಸರ್ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ಕೃತಜ್ಞತೆಗಳು, ಸರ್. ನನಗೆ: "ಹೆಸರುಗಳು ಭರ್ಜರಿಯಾಗಿವೆ. ಆ ಹೆಸರುಗಳ ಒಳಗೆ ಮನುಷ್ಯರು ಸಿಗಲಿಲ್ಲ." ಜಸಿಂತಾಗೆ: "ಓದಿ ಮುಗಿಸಿದ ಮೇಲೂ ನನಗೆ ಏಣಿಯ ಬುಡ ಬಿಟ್ಟು ಏಳಲಾಗಲಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಎಲ್ಲರಿಗಿಂತ ಜೋರಾಗಿ. ಜಸಿಂತಾ ಕೆಂಪಾಗಿ ಬೆಂಚಿನ ಕಡೆ ಬಗ್ಗಿ, "ಎಲ್ಲಾ ನಿನ್ನಿಂದ ಕಣೇ. ನೀನು ಕೇಳದೇ ಇದ್ದಿದ್ರೆ ಆ ಕಥೆ ನಂಗೆ ನೆನಪೇ ಆಗ್ತಿರ್ಲಿಲ್ಲ," ಅಂದಳು.

ಅದೇ ನಾನೂ ಹೇಳುತ್ತಿರುವುದು.

೨ ಮಾರ್ಚ್, ಭಾನುವಾರ

ಬೈಬಲ್ ಅವಳ ಮನೆಯಲ್ಲಿದೆ. ಹುಟ್ಟಿದಾಗಿನಿಂದ ಕಿವಿಗೆ ಬಿದ್ದಿದೆ. ನಾನು ಬಸ್ಸಿನಲ್ಲಿ ನಿಂತುಕೊಂಡು ಕೇಳಿ ಕಲಿತವಳು. ಇದು ನ್ಯಾಯವಾದ ಸ್ಪರ್ಧೆಯೇ ಎಂದು ಯಾರೂ ಕೇಳುವುದಿಲ್ಲ. ಲೈನ್ ಮನೆಯ ಹುಡುಗಿ ಎಂದು ಮೇಡಂಗೆ ಗೊತ್ತಿದ್ದರೆ ಕನಿಕರವೂ ಸೇರಿರಬಹುದು.

ಅಮ್ಮ ಕೇಳಿದಳು, "ಯಾಕವ್ವ, ಎರಡು ದಿನದಿಂದ ಬಾಯೇ ಬಿಡ್ತಿಲ್ವಲ್ಲ? ಯಾರಿಗೂ ಗೋಳು ಹುಯ್ಕೊಂಡಿಲ್ವಾ?"

ಓದುತ್ತಿದ್ದೇನೆ ಎಂದೆ.

೫ ಮಾರ್ಚ್, ಬುಧವಾರ

ಅವಳು ಬಸ್ಸಿನಲ್ಲಿ ಓದಿ ತೋರಿಸಿದಳು. ಅಭ್ಯಾಸಕ್ಕೆ. ಚೆನ್ನಾಗಿ ಓದುತ್ತಾಳೆ.

೭ ಮಾರ್ಚ್, ಶುಕ್ರವಾರ

ನಾಳೆ. ಇಬ್ಬರೂ ಮೊದಲನೇ ಬಸ್ಸಿಗೆ ಹೋಗುವುದೆಂದು ಮಾತಾಗಿದೆ. ಅವಳ ಅಪ್ಪ ಹೊಸ ಚಪ್ಪಲಿ ತಂದಿದ್ದಾರಂತೆ.

೮ ಮಾರ್ಚ್, ಶನಿವಾರ

ಇತಿಹಾಸಕಾರರು ಬರೆದುಕೊಳ್ಳಲಿ. ಇಂದು ಒಂದು ಲೀಲೆ ನಡೆಯಿತು.

ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋಗಿದ್ದಾಗ ಅವರ ಮೊಬೈಲಿನಿಂದ ಎಸ್ಟೇಟ್ ಗುಂಪಿಗೆ ಹೀಗೊಂದು ಪ್ರಕಟಣೆ ಹೋಯಿತು: "ಸಮಸ್ತ ಲೈನ್ ನಿವಾಸಿಗಳ ಗಮನಕ್ಕೆ. ನಾಲ್ಕನೇ ಬ್ಲಾಕಿನಲ್ಲಿ ಮರಿ ಸಮೇತ ಆನೆಗಳ ಹಿಂಡು ಬೀಡುಬಿಟ್ಟಿರುವುದರಿಂದ ಮುಂದಿನ ಸೂಚನೆಯವರೆಗೆ ಯಾರೊಬ್ಬರೂ ಹೊರಗೆ ಕಾಲಿಡತಕ್ಕದ್ದಲ್ಲ." ಕಳಿಸಿದ ಮೇಲೆ ಅಪ್ಪನ ಮೊಬೈಲಿನಲ್ಲಿ ಮಾತ್ರ ಅದನ್ನು ಅಳಿಸಿದ್ದಾಯಿತು. ಬರೀ ತಮಾಷೆ. ಸಾಂಬಾರಿನ ಶ್ರದ್ಧಾಂಜಲಿಯ ಹಾಗೆ. ಸ್ವಲ್ಪ ತಡವಾಗಲಿ, ಓಡಿಕೊಂಡು ಬರಲಿ, ಏದುಸಿರಿನಲ್ಲಿ ಓದಲಿ ಎಂದಷ್ಟೇ. ಅರಣ್ಯ ಇಲಾಖೆಯವರು ಮಧ್ಯಾಹ್ನದ ತನಕ ಹುಡುಕುತ್ತಾರೆಂದು ನಾನೇನು ಕಂಡಿದ್ದೆನೇ?

ವಿರಾಜಪೇಟೆಯ ಸಭಾಂಗಣದಲ್ಲಿ ನಾಣಯ್ಯ ಕೋವಿ ಹಿಡಿದವನ ಹಾಗೆ ಕೈ ಚಾಚಿ ಓದಿದ. ಆಮೇಲೆ ನಾನು. ಜಸಿಂತಾಳ ಹೆಸರನ್ನು ಎರಡು ಸಲ ಕರೆದರು. "ಅವ್ಳ ಮನೆ ಹತ್ರ ಆನೆ ಬಂದಿದೆ ಅಂತೆ ಮೇಡಂ," ಎಂದು ನಾನೇ ತಿಳಿಸಿದೆ. ಎಷ್ಟೊಂದು ಜವಾಬ್ದಾರಿ ನೋಡಿ.

ಓದು ಮುಗಿದಾಗ ಉಷಾರಾಣಿ ಮೇಡಂ ಕನ್ನಡಕ ತೆಗೆದು ಕೇಳಿದರು: "ನಿನ್ನ ಗೋಪುರದ ತುದಿಯಲ್ಲಿ ಯಾರಿದ್ದಾರೆ ಅಂತ ಹೇಳಿದೆ. ತಳದಲ್ಲಿ ಮೊದಲನೇ ಇಟ್ಟಿಗೆ ಇಟ್ಟವರು ಯಾರಮ್ಮ?"

ನನಗೆ ಗೊತ್ತಿರಲಿಲ್ಲ. ಬಾಯಿ ತಾನಾಗಿ ತೆರೆಯಿತು. "ಯಾರಾದ್ರೂ ಕೆಳಗೆ ಇರ್ಬೇಕಲ್ಲ ಮೇಡಂ. ದಾರೀಲಿ ಹೋಗೋರು ಎಲ್ರೂ ಮೇಲೇನೇ ನೋಡ್ತಾರೆ. ಹಿಡ್ಕೊಂಡವ್ರು ಕಾಣಲ್ಲ."

ಮೇಡಂ ಮತ್ತೆ ಕನ್ನಡಕ ಹಾಕಿಕೊಂಡರು. "ಈ ಮಾತು ನಿನ್ನ ಕಥೆಯಲ್ಲಿ ಇರಬೇಕಿತ್ತು," ಎಂದರು.

"ಸೇರಿಸ್ತೀನಿ ಮೇಡಂ."

ಗೆದ್ದೆ. ಒಂದು ಶಾಲು, ಒಂದು ಕಾಫಿ ಗಿಡ. ಮನೆಯೇ ಕಾಫಿ ತೋಟದಲ್ಲಿರುವವಳಿಗೆ ಕಾಫಿ ಗಿಡ.

೧೦ ಮಾರ್ಚ್, ಸೋಮವಾರ

ಬಸ್ ಸ್ಟಾಪಿನಲ್ಲಿ ಜಸಿಂತಾ ಮೊದಲೇ ನಿಂತಿದ್ದಳು. "ಅಭಿನಂದನೆ," ಅಂದಳು. ನಾನು ಆನೆಯ ಬಗ್ಗೆ ಏನೋ ಶುರು ಮಾಡಿದೆ.

"ಬೇಡ ಬಿಡು. ಇಲಾಖೆಯವ್ರು ಬ್ಲಾಕೆಲ್ಲ ನಡೆದ್ರು. ಲದ್ದಿ ಇಲ್ಲ, ಮುರಿದ ಕೊಂಬೆ ಇಲ್ಲ."

"ಹೋಗ್ಬಿಟ್ಟಿರ್ಬೇಕು."

"ಸೌಮ್ಯ, ರೈಟರ್ ಅಂಕಲ್ ಯಾವತ್ತಾದ್ರೂ 'ಸಮಸ್ತ' ಅಂತ ಬರೆದಿದ್ದಾರಾ?"

ನಾನು ರಸ್ತೆ ನೋಡಿದೆ. ಬಸ್ಸು ಬರುತ್ತಿರಲಿಲ್ಲ.

"ಓದ್ತಾ ಇದ್ದ ಹಾಗೇ ಗೊತ್ತಾಯ್ತು ನಂಗೆ," ಅಂದಳು. "ಅಮ್ಮನಿಗೆ ಹೇಳಿದೆ, ಇದು ಸುಳ್ಳು ಮೆಸೇಜು, ನಾನು ಹೋಗ್ತೀನಿ ಅಂತ. ಅಮ್ಮ ಬಾಗಿಲಿಗೆ ಅಡ್ಡ ಕೂತ್ಬಿಟ್ಟಳು. ಅತ್ತೆನೂ ಹೀಗೇ ಹೇಳಿ ಹೋದ್ಳು ಅಂತ. ಅವಳ ಕೈಕಾಲು ನಡುಗ್ತಿತ್ತು. ಮಧ್ಯಾಹ್ನದವರೆಗೂ ಅವಳನ್ನ ಹಿಡ್ಕೊಂಡು ಕೂತಿದ್ದೆ."

"ತಮಾಷೆಗೆ ಕಣೇ..."

"ಹೂಂ. ನಂಗೆ ಒಂದು ಆಶ್ಚರ್ಯ. ಗೊತ್ತಾಗ್ಬಾರದು ಅಂದಿದ್ರೆ 'ಆನೆ, ಬರಬೇಡಿ' ಅಂತ ಹಾಕಿದ್ರೆ ಸಾಕಿತ್ತು. ಅದ್ರಲ್ಲೂ ನಿಂಗೆ ನಿನ್ನ ಬರವಣಿಗೆ ಕಾಣ್ಬೇಕಾಗಿತ್ತು, ಅಲ್ವಾ?"

ಬಸ್ಸಿನಲ್ಲಿ ಅವಳು ಮುಂದೆ ಹೋಗಿ ನಿಂತಳು. ಸೀಟು ಖಾಲಿ ಇತ್ತು.

೧೧ ಮಾರ್ಚ್, ಮಂಗಳವಾರ

ಅಪ್ಪನನ್ನು ಮ್ಯಾನೇಜರ್ ಕರೆಸಿದ್ದರು. ಅರ್ಧ ದಿನ ಮೆಣಸು ಕುಯ್ಲು ನಿಂತಿತು, ಆನೆ ನೋಡಿದವರು ಯಾರು ಎಂದು. ಅಪ್ಪ, ತಮಗೇ ಏನೋ ಕಂಡ ಹಾಗಾಯಿತು, ಮಂಜು ಇತ್ತು ಎಂದರಂತೆ. ಈಗ ಲೈನ್‌ನ ಚಿಕ್ಕ ಮಕ್ಕಳು ಅಪ್ಪನನ್ನು ಕಂಡರೆ ಕೈಯನ್ನು ಸೊಂಡಿಲು ಮಾಡಿ ಆಡಿಸುತ್ತಾರೆ.

ಊಟಕ್ಕೆ ಕೂತಾಗ ನನ್ನ ಕಡೆ ನೋಡದೆ, "ನೀರು," ಎಂದರು. ಕೊಟ್ಟೆ. ಮೊಬೈಲು ಈಗ ಅವರ ಜೊತೆಯೇ ಬಚ್ಚಲಿಗೂ ಹೋಗುತ್ತದೆ.

೧೬ ಮಾರ್ಚ್, ಭಾನುವಾರ

ನಿನ್ನೆ ಕಾಲೇಜು ಗ್ರಂಥಾಲಯದಿಂದ ಬೈಬಲ್ ತಂದೆ. ಪುಸ್ತಕಕ್ಕಾಗಿ ಕಥೆ ತಿದ್ದಿ ಕೊಡಬೇಕು; ಇನ್ನೊಂದೆರಡು ದೊಡ್ಡ ಹೆಸರು ಬೇಕಿತ್ತು. ಬಾಬೆಲ್ ಹುಡುಕುತ್ತಾ ಅದಕ್ಕೂ ಹಿಂದಿನ ಪುಟದಲ್ಲಿ ಸಿಕ್ಕಿಕೊಂಡೆ.

ಇಬ್ಬರು ಅಣ್ಣತಮ್ಮಂದಿರು. ಒಬ್ಬೊಬ್ಬರೂ ದೇವರಿಗೆ ತಮ್ಮ ತಮ್ಮ ಕಾಣಿಕೆ ತರುತ್ತಾರೆ. ತಮ್ಮನದು ಒಪ್ಪಿಗೆಯಾಗುತ್ತದೆ, ಅಣ್ಣನದು ಆಗುವುದಿಲ್ಲ. ಯಾಕೆ ಆಗಲಿಲ್ಲ ಎಂದು ಸರಿಯಾಗಿ ಹೇಳಿಲ್ಲ. ಹೇಳಬೇಕಿತ್ತು. ಅಣ್ಣ ಕಾಯಿನ, ಬಾ ಹೊಲಕ್ಕೆ ಹೋಗೋಣ ಎಂದು ತಮ್ಮನನ್ನು ಕರೆಯುತ್ತಾನೆ. ಅಲ್ಲಿ ಅವನನ್ನು ಕೊಲ್ಲುತ್ತಾನೆ.

ಈ ಕಥೆ ಜಸಿಂತಾ ನನಗೆ ಹೇಳಿಯೇ ಇರಲಿಲ್ಲ. ನಾನು ಕೇಳಿದ್ದೂ ಎತ್ತರದ ಕಥೆಗಳನ್ನೇ. ಇದರಲ್ಲಿ ಬರೀ ಹೊಲ.

ಆಮೇಲೆ ಆ ಕಾಯಿನ ಏನಾದ ಎಂದು ಮುಂದೆ ಓದಿದೆ. ಅಲೆದ. ಕೊನೆಗೆ ಒಂದು ಪಟ್ಟಣ ಕಟ್ಟಿದನಂತೆ. ಪದ್ಮಯ್ಯ ಸರ್ ಇದನ್ನು ಗೋದಾಮಿನಲ್ಲಿ ನೋಡಿರಲಿಕ್ಕಿಲ್ಲ.

೧೯ ಮಾರ್ಚ್, ಬುಧವಾರ

ಕಥೆ ತಿದ್ದಲಾಗುತ್ತಿಲ್ಲ. ಮೇಡಂಗೆ ಹೇಳಿದ ಆ ಮಾತನ್ನು ಯಾವ ಪುಟದಲ್ಲಿಟ್ಟರೂ ಅದೊಂದೇ ಸಾಲು ಕಾಣುತ್ತದೆ.

೨೦ ಮಾರ್ಚ್, ಗುರುವಾರ

ಉಷಾರಾಣಿ ಮೇಡಂಗೆ ಫೋನ್ ಮಾಡಿದೆ. ಮೊದಲು ಹೇಳುವುದನ್ನೆಲ್ಲ ಮನಸ್ಸಿನಲ್ಲೇ ಭರ್ಜರಿಯಾಗಿ ಜೋಡಿಸಿಟ್ಟುಕೊಂಡಿದ್ದೆ. ಅವರು "ಹಲೋ" ಎಂದ ಕೂಡಲೇ ಎಲ್ಲ ಹೋಯಿತು. "ಆನೆ ಬಂದಿರ್ಲಿಲ್ಲ ಮೇಡಂ. ಮೆಸೇಜ್ ನಾನು ಹಾಕಿದ್ದು. ತಮಾಷೆಗೆ. ಆವತ್ತು ಹೇಳಿದ ಮಾತೂ ಅವಳದ್ದೇ. ಶಿಬಿರದ ಸೀಟು ಜಸಿಂತಾಗೆ ಕೊಡಿ."

ಅವರು ಬೈಯಲಿಲ್ಲ. ಒಂದು ದಿನ ಸಮಯ ಕೇಳಿದರು.

ನನಗೆ ಮೈ ಹಗುರವಾದ ಹಾಗಿತ್ತು. ಸಂಜೆ ಬಸ್ಸಿನಲ್ಲಿ ಜಸಿಂತಾಳ ಪಕ್ಕ ಹೋಗಿ ನಿಂತು ಹೇಳಿದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ.

"ನಿಂಗೆ ಯಾರು ಹೇಳಿದ್ರು ಕೇಳೋಕೆ?"

"ನಿಂಗೋಸ್ಕರ..."

"ನೀನೇ ಕಿತ್ಕೋ, ನೀನೇ ಕೊಡಿಸು. ಎರಡ್ರಲ್ಲೂ ನೀನೇ ದೊಡ್ಡೋಳು." ಕಂಡಕ್ಟರ್ ತಿರುಗಿ ನೋಡಿದರು. ಅವಳು ದನಿ ತಗ್ಗಿಸಿದಳು. "ಅಪ್ಪನ ಹತ್ರ ಹೇಳಿದ್ಯಾ ಇದನ್ನ? ಇಡೀ ಲೈನ್ ಅವ್ರನ್ನ ನೋಡಿ ನಗ್ತಿದೆ."

ಹೇಳಿರಲಿಲ್ಲ.

ಮನೆಗೆ ಬಂದು ಹೇಳಿದೆ. ಅಪ್ಪ ಹಾಜರಿ ಪುಸ್ತಕ ಮುಚ್ಚಿಟ್ಟು, "ಗೊತ್ತು," ಎಂದರು. ಆಮೇಲೆ, "ಆ ಅರೋಕ್ಯಮೇರಿ, ನಿನ್ನ ಸ್ನೇಹಿತೆ ಅಮ್ಮ, ಮೂರು ದಿನ ಕೆಲ್ಸಕ್ಕೇ ಬರ್ಲಿಲ್ಲ ಮಗಾ. ಏಣಿ ಹಿಡಿಯೋಕೆ ಕೈ ನಿಲ್ತಿಲ್ಲ ಅಂದ್ಳು." ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

೨೨ ಮಾರ್ಚ್, ಶನಿವಾರ

ಪದ್ಮಯ್ಯ ಸರ್ ತೀರ್ಮಾನ ತಂದರು. ನನ್ನ ಆಯ್ಕೆ ರದ್ದು. ಆವತ್ತು ಸಭೆಯಲ್ಲಿ ಓದದವರನ್ನು ಈಗ ಸೇರಿಸಲು ನಿಯಮವಿಲ್ಲವಂತೆ. ಮೇಡಂ ಒಬ್ಬರೇ ಜಸಿಂತಾಳ ಪರವಾಗಿ ಮಾತಾಡಿದರಂತೆ, ಮಿಕ್ಕವರು ಒಪ್ಪಲಿಲ್ಲ. ಹಾಗಾಗಿ ಕೊಡಗಿನಿಂದ ಮೈಸೂರಿಗೆ ಹೋಗುವವನು ನಾಣಯ್ಯ. ರೋಬೋಟುಗಳು ಎಚ್ಚರವಾಗಿರಲಿ.

ಸರ್ ನನ್ನನ್ನು ಮಾತ್ರ ನಿಲ್ಲಿಸಿಕೊಂಡು, "ತಪ್ಪು ಮಾಡೋದು ವಯಸ್ಸಿನ ಗುಣ. ಒಪ್ಪಿಕೊಳ್ಳೋಕೆ ಎದೆ ಬೇಕು ಕಣಮ್ಮ," ಎಂದು ಬೆನ್ನು ತಟ್ಟಿದರು. ಆ ಹೊತ್ತಿಗೆ ಜಸಿಂತಾ ಬಾಗಿಲಿನ ಹತ್ತಿರ ಚೀಲ ತುಂಬುತ್ತಿದ್ದಳು. ಕೇಳಿಸಿರಬೇಕು.

ಬಸ್ಸಿನಲ್ಲಿ ಅವಳು ಮಹಿಳೆಯರ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡಿದ್ದಳು. ನಾನು ಹಿಂದಿನ ಬಾಗಿಲಲ್ಲಿ ಹತ್ತಿ ಅಲ್ಲೇ ನಿಂತೆ. ಸಿದ್ದಾಪುರದಲ್ಲಿ ಇಳಿದು ಅವಳು ಮುಂದೆ, ನಾನು ಹಿಂದೆ. ಗೇಟಿನ ಹತ್ತಿರ ತಿರುಗುತ್ತಾಳೇನೋ ಎಂದು ನಿಧಾನ ಮಾಡಿದೆ. ತಿರುಗಲಿಲ್ಲ. ನಾಲ್ಕನೇ ಬ್ಲಾಕಿನ ದಾರಿಯಲ್ಲಿ ಕಾಣದಾಗುವ ತನಕ ನೋಡಿ ಒಳಗೆ ಬಂದೆ.

ಮೇಡಂಗೆ 'ತಮಾಷೆಗೆ' ಅಂದೆ. ಅಪ್ಪನಿಗೂ ಹಾಗೇ ಅಂದೆ. ಜಸಿಂತಾಗೂ. ಇಲ್ಲಿಯೂ ಹಾಗೆಯೇ ಬರೆದಿದ್ದೇನೆ.

ಆ ಮೆಸೇಜು ಕಳಿಸುವಾಗ ನನಗೆ ನಗು ಬಂದಿರಲಿಲ್ಲ.